ಬ್ಯಾಕಪ್ ಸಾಫ್ಟ್‌ವೇರ್ ತಾನಾಗಿ ಶುರುವಾಗುವುದನ್ನು ನಿಲ್ಲಿಸಲು ನಾಲ್ಕು ದಾರಿ ನೋಡಿದೆ

ನನ್ನ ಗೇಮಿಂಗ್ ಕಂಪ್ಯೂಟರಿನಲ್ಲಿ ಮೂರು ಬ್ಯಾಕಪ್ ಸಾಫ್ಟ್‌ವೇರ್ ಇದ್ದವು. ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಜೊತೆ ಬಂದದ್ದು, ಇನ್ನೊಂದು ಯಾವಾಗಲೋ ಟ್ರಯಲ್‌ಗೆ ಹಾಕಿ ಮರೆತದ್ದು. ನಿಜವಾಗಿ ಬಳಸುತ್ತಿದ್ದದ್ದು ಮೂರನೆಯದನ್ನು ಮಾತ್ರ. ಆಟ ಚೆನ್ನಾಗಿ ಓಡುತ್ತಿರುವಾಗಲೇ ಎರಡು ಮೂರು ಸೆಕೆಂಡ್ ಗಕ್ಕನೆ ನಿಂತು ಮುಂದೆ ಹೋಗುತ್ತಿತ್ತು, ಆ ಹೊತ್ತಿಗೆ ಟಾಸ್ಕ್ ಮ್ಯಾನೇಜರ್ ನೋಡಿದರೆ ಡಿಸ್ಕ್ 100% ತೋರಿಸುತ್ತಿತ್ತು.

ಮೊದಲು ಹಿಡಿದದ್ದು ಅದೇ ಟಾಸ್ಕ್ ಮ್ಯಾನೇಜರಿನ ಸ್ಟಾರ್ಟ್‌ಅಪ್ ಪಟ್ಟಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸೇಬಲ್ ಕೊಟ್ಟರೆ ಮುಗಿಯಿತು. (ವಿಂಡೋಸ್ 7ರಲ್ಲಿ ಇದೇ ಕೆಲಸಕ್ಕೆ ಎಂಎಸ್‌ಕಾನ್ಫಿಗ್ ಅನ್ನುವ ಬೇರೆ ಉಪಕರಣ ಬೇಕಿತ್ತು.) ಗಡಿಯಾರದ ಪಕ್ಕದ ಐಕಾನ್‌ಗಳು ಹೋದವು, ಲಾಗಿನ್ ಬೇಗ ಆಯಿತು, ಆದರೆ ಆಟ ನಿಲ್ಲುವುದು ಹಾಗೇ ಇತ್ತು. ಯಾಕೆಂದರೆ ಐಕಾನ್ ಬರೀ ಮುಖ, ಕೆಲಸ ಮಾಡುವುದು ಹಿಂದಿರುವ ಸರ್ವಿಸ್, ಅಂದರೆ ಕಣ್ಣಿಗೆ ಕಾಣದೆ ಓಡುವ ಪ್ರೋಗ್ರಾಂ. ಅದು ಈ ಪಟ್ಟಿಯಲ್ಲಿ ಬರುವುದೇ ಇಲ್ಲ.

ಹಾಗಾಗಿ ಸರ್ವಿಸಸ್ ಕಿಟಕಿಗೆ ಹೋದೆ. ಅಲ್ಲಿ ಅವಸರ ಮಾಡಿ ಮೂರನ್ನೂ ಡಿಸೇಬಲ್ ಮಾಡಿಬಿಟ್ಟೆ, ಅದು ತಪ್ಪು. ನನಗೆ ಬೇಕಿದ್ದ ಬ್ಯಾಕಪ್ ಕೂಡ ನಿಂತುಹೋಗಿತ್ತು, ಅದು ಗೊತ್ತಾಗಿದ್ದು ನಾಲ್ಕು ದಿನ ಆದಮೇಲೆ. ಎಲ್ಲ ಆಟಗಳ ಸೇವ್ ಫೈಲ್ ಕ್ಲೌಡ್‌ಗೆ ಹೋಗುವುದಿಲ್ಲ ಅಲ್ವಾ, ಆ ನಾಲ್ಕು ದಿನದಲ್ಲಿ ಡಿಸ್ಕ್ ಕೈಕೊಟ್ಟಿದ್ದರೆ ಎಷ್ಟೋ ಗಂಟೆಗಳ ಆಟ ಹೋಗುತ್ತಿತ್ತು. ಬೇಡದ್ದನ್ನು ಡಿಸೇಬಲ್ ಮಾಡಿ, ಬೇಕಾದ್ದನ್ನು ಮುಟ್ಟಬೇಡಿ. ಇನ್ನು ವಾಲ್ಯೂಮ್ ಶಾಡೋ ಕಾಪಿ ಅನ್ನುವ ಸರ್ವಿಸ್ ವಿಂಡೋಸ್‌ನದೇ. ತೆರೆದಿರುವ ಫೈಲ್‌ಗಳ ಪ್ರತಿ ತೆಗೆಯಲು ಬ್ಯಾಕಪ್‌ಗಳಿಗೆ ಅದು ಬೇಕು, ಮೊದಲಿಂದಲೂ ಮ್ಯಾನುಯಲ್‌ನಲ್ಲೇ (ಬೇಕಾದಾಗ ಮಾತ್ರ ಶುರುವಾಗುವಂತೆ) ಇರುತ್ತದೆ. ಹಾಗೇ ಬಿಡಿ.

ಇಷ್ಟಾದರೂ ಕೆಲವು ಸಂಜೆ ಆಟ ನಿಲ್ಲುತ್ತಿತ್ತು. ಕಳ್ಳ ಸಿಕ್ಕಿದ್ದು ಆಟೋರನ್ಸ್‌ನಲ್ಲಿ. ಇದು ಸಿಸ್‌ಇಂಟರ್ನಲ್ಸ್‌ನ ಉಚಿತ ಉಪಕರಣ, 2006ರಿಂದ ಮೈಕ್ರೋಸಾಫ್ಟ್ ಕೈಯಲ್ಲಿದೆ. ಸ್ಟಾರ್ಟ್‌ಅಪ್, ಸರ್ವಿಸ್, ಶೆಡ್ಯೂಲ್ ಮಾಡಿದ ಟಾಸ್ಕ್ ಎಲ್ಲ ಒಂದೇ ಕಡೆ ಕಾಣುತ್ತದೆ. ಮೈಕ್ರೋಸಾಫ್ಟ್‌ನ ಸಾಲುಗಳನ್ನು ಮರೆಮಾಡುವ ಆಯ್ಕೆ ಮೊದಲು ಹಾಕಿಕೊಳ್ಳಿ, ಇಲ್ಲದಿದ್ದರೆ ಪಟ್ಟಿ ನೋಡಿಯೇ ಸುಸ್ತಾಗುತ್ತದೆ. ಹಾರ್ಡ್ ಡಿಸ್ಕ್ ಜೊತೆ ಬಂದ ಸಾಫ್ಟ್‌ವೇರ್ ಒಂದು ಟಾಸ್ಕ್ ಇಟ್ಟುಕೊಂಡಿತ್ತು, ನಾನು ಆಡುವ ಹೊತ್ತಿಗೇ ಅದು ಎದ್ದು ಡಿಸ್ಕ್ ಪೂರ್ತಿ ಜಾಲಾಡುತ್ತಿತ್ತು. ಟಿಕ್ ತೆಗೆದೆ, ನಿಂತಿತು. ಟಿಕ್ ತೆಗೆದರೆ ಏನೂ ಅಳಿಸಿಹೋಗುವುದಿಲ್ಲ, ಮತ್ತೆ ಹಾಕಿದರೆ ವಾಪಸ್ ಬರುತ್ತದೆ. ಆದರೆ ಡ್ರೈವರ್ಸ್ ಟ್ಯಾಬ್ ಕಡೆ ಸುಮ್ನೆ ಕೈ ಹಾಕಬೇಡಿ. ಕೆಲವು ಬ್ಯಾಕಪ್‌ಗಳು ಡಿಸ್ಕಿಗೇ ತಮ್ಮ ಡ್ರೈವರ್ ಜೋಡಿಸಿರುತ್ತವೆ, ಅದನ್ನು ಅರ್ಧಂಬರ್ಧ ಕಿತ್ತರೆ ವಿಂಡೋಸ್ ಬೂಟ್ ಆಗದೇ ಹೋಗಬಹುದು.

ನಾಲ್ಕನೆಯದು ಅನ್‌ಇನ್‌ಸ್ಟಾಲ್. ಬಳಸದೇ ಇರುವುದಕ್ಕೆ ಇದೇ ಸರಿ. ಯಾಕೆಂದರೆ ಟ್ರಯಲ್‌ಗೆ ಹಾಕಿದ್ದ ಆ ಸಾಫ್ಟ್‌ವೇರ್ ಅಪ್‌ಡೇಟ್ ಆದಕೂಡಲೇ ನಾನು ಆಫ್ ಮಾಡಿದ್ದನ್ನು ಮತ್ತೆ ಆನ್ ಮಾಡಿಕೊಂಡಿತ್ತು. ತೆಗೆಯುವ ಮುಂಚೆ ಒಂದು ನೋಡಿಕೊಳ್ಳಿ: ಹಳೇ ಬ್ಯಾಕಪ್ ಫೈಲ್ ಅದರದೇ ಫಾರ್ಮ್ಯಾಟಿನಲ್ಲಿದ್ದರೆ ತೆರೆಯಲು ಅದೇ ಸಾಫ್ಟ್‌ವೇರ್ ಬೇಕಾಗುತ್ತದೆ. ನಾನು ಬೇಕಾದ ಫೈಲ್‌ಗಳನ್ನು ಹೊರಗೆ ತೆಗೆದಿಟ್ಟುಕೊಂಡು ಆಮೇಲೆ ಎರಡನ್ನೂ ತೆಗೆದೆ.

ಉಳಿದ ಒಂದರ ಸಮಯವನ್ನು ಬೆಳಗ್ಗೆಗೆ ಬದಲಿಸಿದೆ. ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವ ಲೆಕ್ಕ) ಮೊದಲಿನಷ್ಟೇ ಇದೆ, ಅದು ಜಾಸ್ತಿ ಆಗುತ್ತದೆ ಅಂತ ಇದನ್ನು ಮಾಡಬೇಡಿ. ನಡುವೆ ನಿಲ್ಲುವುದು ಮಾತ್ರ ಪೂರ್ತಿ ಹೋಯಿತು.