ಕುದುರೆ ಟ್ರೈಲರ್‌ಗೆ ಯಾವ ಬ್ರೇಕ್? ಸರ್ಜ್, ಎಲೆಕ್ಟ್ರಿಕ್ ಡ್ರಮ್, ಹೈಡ್ರಾಲಿಕ್ ಡಿಸ್ಕ್: ಬಳಸಿ ನೋಡಿದ ಹೋಲಿಕೆ

ಕಟ್ಟಿ ಬಿಗಿದ ಸರಕಾದರೆ ಟ್ರೈಲರ್ ಎಷ್ಟು ದೂರದಲ್ಲಿ ನಿಂತಿತು ಎಂಬುದೊಂದೇ ಲೆಕ್ಕ. ಕುದುರೆಗೆ ಆ ಲೆಕ್ಕ ಸಾಲದು. ಅದು ನಿಂತೇ ಪ್ರಯಾಣಿಸುತ್ತದೆ, ಅದಕ್ಕೆ ಮುಂದಿನ ರಸ್ತೆ ಕಾಣುವುದಿಲ್ಲ, ಚಾಲಕ ಈಗ ಬ್ರೇಕ್ ತುಳಿಯುತ್ತಾನೆ ಎಂಬ ಸುಳಿವೂ ಇರುವುದಿಲ್ಲ. ನಿಂತ ಕುದುರೆಯ ತೂಕದಲ್ಲಿ ಸುಮಾರು ಶೇ. 60ರಷ್ಟು ಮುಂಗಾಲುಗಳ ಮೇಲಿರುತ್ತದೆ. ಮುಂದಕ್ಕೆ ಮುಖ ಮಾಡಿ ನಿಂತಿದ್ದಾಗ ಗಾಡಿ ತಟ್ಟನೆ ನಿಂತರೆ ಉಳಿದ ತೂಕವೂ ಅಲ್ಲಿಗೇ ಬಂದು ಬೀಳುತ್ತದೆ. ಹಾಗಾಗಿ ಈ ಹೋಲಿಕೆ ನಿಂತಿರುವುದು ಎರಡು ಪ್ರಶ್ನೆಗಳ ಮೇಲೆ. ಹಿಡಿತ ಶುರುವಾಗುವ ಮೊದಲ ಕ್ಷಣ ಎಷ್ಟು ನಯವಾಗಿದೆ? ಎಳೆಯುವ ಗಾಡಿಯ ಬ್ರೇಕ್ ಮುಟ್ಟದೆ ಟ್ರೈಲರ್ ಬ್ರೇಕನ್ನಷ್ಟೇ ಹಾಕಲು ಬರುತ್ತದೆಯೇ?

ಪರೀಕ್ಷೆಗೆ ಬಳಸಿದ್ದು ಎರಡು ಕುದುರೆ ಹಿಡಿಸುವ, ಎರಡು ಆ್ಯಕ್ಸಲ್‌ನ, ಗಾಡಿಯ ಹಿಂದಿನ ಬಾಲ್‌ಗೆ ಕೊಂಡಿ ಹಾಕುವ ಟ್ರೈಲರ್‌ಗಳನ್ನು. ಖಾಲಿ ತೂಕ ಸುಮಾರು 1,400 ಕಿಲೋ. ತಲಾ 500 ಕಿಲೋದ ಎರಡು ಕುದುರೆ, ಜೀನು, ನೀರು, ಹುಲ್ಲು ಸೇರಿದರೆ 2,500 ಕಿಲೋ. ಈ ತೂಕ 80 ಕಿ.ಮೀ. ವೇಗದಲ್ಲಿದ್ದಾಗ ಬ್ರೇಕುಗಳು ಕರಗಿಸಬೇಕಾದ ಶಕ್ತಿ ಸುಮಾರು 617 ಕಿಲೋಜೂಲ್. 60ಕ್ಕೆ ಇಳಿಸಿದರೆ 347. ಯಾವ ಬ್ರೇಕ್ ಹಾಕಿಸಿದರೂ ವೇಗದಲ್ಲಿ 20 ಕಿ.ಮೀ. ಬಿಟ್ಟುಕೊಡುವುದರಿಂದ ಸಿಗುವಷ್ಟು ಲಾಭ ಸಿಗದು. ಜೋರು ಬ್ರೇಕಿನ ಪರೀಕ್ಷೆಗಳನ್ನೆಲ್ಲ ಮರಳಿನ ಚೀಲ ಕಟ್ಟಿ ಮಾಡಬೇಕು, ಕುದುರೆಯನ್ನು ಒಳಗಿಟ್ಟುಕೊಂಡಲ್ಲ. ಕುದುರೆ ಹತ್ತಿಸಿದ ಮೇಲೆ ಸಾಮಾನ್ಯ ಓಡಾಟವಷ್ಟೇ. ಆಗ ನೋಡಬೇಕಾದದ್ದು ಒಳಗಿನ ಕ್ಯಾಮರಾದಲ್ಲಿ ಕಾಣುವ ಗೊರಸುಗಳನ್ನು. ಪ್ರತಿ ಬ್ರೇಕಿಗೂ ಕುದುರೆ ಕಾಲು ಬದಲಿಸಿ ಊರುತ್ತಿದೆ ಎಂದರೆ ಬ್ರೇಕಿನ ಹೊಂದಾಣಿಕೆಯಲ್ಲಿ ಏನೋ ಸರಿಯಿಲ್ಲ.

ಸರ್ಜ್ ಬ್ರೇಕ್: ತಾನಾಗಿ ಕೆಲಸ ಮಾಡುತ್ತದೆ, ಕೇಳಿದರೆ ಮಾಡುವುದಿಲ್ಲ

ಇದರ ಕಪ್ಲರ್, ಎಂದರೆ ಬಾಲ್ ಮೇಲೆ ಕೂರುವ ಟ್ರೈಲರ್‌ನ ಕೊಂಡಿ, ಜಾರುವ ಬಗೆಯದು. ಮುಂದಿನ ಗಾಡಿ ನಿಧಾನವಾದಾಗ ಟ್ರೈಲರ್ ಬಾಲ್ ಮೇಲೆ ನೂಕುತ್ತದೆ, ಕಪ್ಲರ್ ಒಳಗೆ ಸರಿಯುತ್ತದೆ, ಮಾಸ್ಟರ್ ಸಿಲಿಂಡರ್ ಒತ್ತಿ ಹೈಡ್ರಾಲಿಕ್ ಎಣ್ಣೆ ಚಕ್ರಗಳಿಗೆ ಹೋಗುತ್ತದೆ. ಯುರೋಪಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಬಗೆಯಲ್ಲಿ ಎಣ್ಣೆಯ ಬದಲು ಸರಳು ಮತ್ತು ಕೇಬಲ್ ಇರುತ್ತವೆ, ತತ್ವ ಒಂದೇ. ಗಾಡಿಯೊಳಗೆ ಟ್ರೈಲರ್ ಬ್ರೇಕ್ ನಡೆಸುವ ಪೆಟ್ಟಿಗೆ, ಅಂದರೆ ಕಂಟ್ರೋಲರ್, ಬೇಡ, ಬ್ರೇಕಿನ ತಂತಿ ಬೇಡ. ಟ್ರೈಲರ್ ಖಾಲಿಯಿದ್ದರೆ ಕಡಿಮೆ, ತುಂಬಿದ್ದರೆ ಹೆಚ್ಚು ನೂಕುವುದರಿಂದ ಹಿಡಿತವೂ ತಾನಾಗಿ ತೂಕಕ್ಕೆ ತಕ್ಕಂತೆ ಬದಲಾಗುತ್ತದೆ. ಒಂದೇ ಟ್ರೈಲರನ್ನು ಬೇರೆ ಬೇರೆ ಗಾಡಿಗಳು ಎಳೆಯುವಲ್ಲಿ ಇದಕ್ಕಿಂತ ಸುಲಭದ್ದು ಇಲ್ಲ.

ಮೊದಲ ಹಿಡಿತ ನಯವಾಗಿರುವುದು ಕಪ್ಲರ್ ಒಳಗೆ ಬಡಿತ ತಗ್ಗಿಸುವ ಡ್ಯಾಂಪರ್ ಚೆನ್ನಾಗಿರುವ ತನಕ. ಅದು ಸವೆದರೆ ಪ್ರತಿ ಬ್ರೇಕಿಗೂ ಕೊಂಡಿಯಲ್ಲಿ 'ಠಕ್' ಎಂದು ಬಡಿತ ಕೇಳುತ್ತದೆ, ಅದೇ ಬಡಿತ ಕುದುರೆಯ ಕಾಲಿಗೂ ಮುಟ್ಟುತ್ತದೆ. ಹೊರಡುವ ಮುನ್ನ ಟ್ರೈಲರ್ ಬಿಚ್ಚಿರುವಾಗಲೇ ಜಾರುವ ದಂಡವನ್ನು ಒಳಕ್ಕೆ ತಳ್ಳಿ ನೋಡಿ. ಬಿಗಿಯಾಗಿ ಹೋಗಿ, ನಿಧಾನವಾಗಿ ಹೊರಗೆ ಬರಬೇಕು. ಸಲೀಸಾಗಿ ಹೋದರೆ ಅಥವಾ ಹೋದದ್ದು ಅಲ್ಲೇ ಸಿಕ್ಕಿಕೊಂಡರೆ ಡ್ಯಾಂಪರ್ ಬದಲಿಸುವ ಕಾಲ ಬಂದಿದೆ.

ತೊಂದರೆ ಇರುವುದು ಇಳಿಜಾರಿನಲ್ಲಿ. ಗೇರ್ ಇಳಿಸಿ ಎಂಜಿನ್ ಹಿಡಿತದಲ್ಲಿ ಇಳಿಯುವುದು ಸರಿಯಾದ ಕ್ರಮ. ಆದರೆ ಆಗ ಟ್ರೈಲರ್ ಉದ್ದಕ್ಕೂ ಬಾಲ್ ಮೇಲೆ ಒರಗಿಯೇ ಇರುತ್ತದೆ. ಚಾಲಕ ಪೆಡಲ್ ಮುಟ್ಟದಿದ್ದರೂ ಟ್ರೈಲರ್ ಬ್ರೇಕ್ ಉಜ್ಜುತ್ತಲೇ ಇರುತ್ತದೆ. ಉದ್ದದ ಇಳಿತದ ಕೊನೆಯಲ್ಲಿ ಡ್ರಮ್ ಮುಟ್ಟಲಾಗದಷ್ಟು ಬಿಸಿಯಾಗಿ, ಹಿಡಿತ ಸೋತಿರುತ್ತದೆ. ಹಿಂದಕ್ಕೆ ತೆಗೆಯುವಾಗಲೂ ಇದೇ ಕಥೆ. ಏರಿನಲ್ಲಿ ರಿವರ್ಸ್ ಹಾಕಿದರೆ ಕಪ್ಲರ್ ಒತ್ತಿಕೊಂಡು ಬ್ರೇಕ್ ಬೀಳುತ್ತದೆ. ಅದನ್ನು ತಡೆಯಲು ರಿವರ್ಸ್ ದೀಪದ ತಂತಿಯಿಂದ ನಡೆಯುವ ಸೊಲೆನಾಯ್ಡ್ ವಾಲ್ವ್ ಇರಬೇಕು, ಇಲ್ಲವೇ ಚಕ್ರ ಹಿಂದಕ್ಕೆ ತಿರುಗಿದಾಗ ತಾನಾಗಿ ಬಿಡುವ ಶೂಗಳಿರಬೇಕು (ಡ್ರಮ್‌ನ ಒಳಮುಖಕ್ಕೆ ಉಜ್ಜಿ ಚಕ್ರ ಹಿಡಿಯುವ ಪಟ್ಟಿಗಳೇ ಶೂ). ಆ ಒಂದು ತಂತಿ ತುಂಡಾದರೆ ಟ್ರೈಲರ್ ಹಿಂದಕ್ಕೆ ಬರುವುದೇ ಇಲ್ಲ. ಕೊಂಡಿಯ ಮೇಲಿನ ತೂಕವನ್ನು ಸ್ಪ್ರಿಂಗ್ ಸರಳುಗಳಿಂದ ಹಂಚುವ ಹಿಚ್ (ಗಾಡಿಯ ಹಿಂದಿನ ಎಳೆಯುವ ಜೋಡಣೆ) ಬಳಸುವವರು ಆ ಹಿಚ್ ಸರ್ಜ್ ಕಪ್ಲರ್‌ಗೆ ಒಪ್ಪುತ್ತದೆಯೇ ಎಂದು ತಯಾರಕರ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಬಿಗಿದ ಸ್ಪ್ರಿಂಗ್ ಸರಳುಗಳು ಕಪ್ಲರ್ ಜಾರದಂತೆ ಹಿಡಿದುಬಿಡಬಹುದು.

ಎರಡನೇ ಪ್ರಶ್ನೆಗೆ ಸರ್ಜ್ ಬ್ರೇಕಿನ ಉತ್ತರ ಒಂದೇ: ಬರುವುದಿಲ್ಲ. ಟ್ರೈಲರ್ ಹಾವಿನಂತೆ ಅತ್ತಿತ್ತ ಬಳುಕಲು ಶುರುಮಾಡಿದಾಗ ಅದನ್ನಷ್ಟೇ ಹಿಂದಕ್ಕೆ ಜಗ್ಗಿ ನೇರ ಮಾಡುವ ದಾರಿ ಇದರಲ್ಲಿಲ್ಲ.

ಎಲೆಕ್ಟ್ರಿಕ್ ಡ್ರಮ್: ಕಂಟ್ರೋಲರ್ ಯಾವುದೆಂಬುದೇ ಮುಖ್ಯ

ಪ್ರತಿ ಚಕ್ರದ ಡ್ರಮ್ ಒಳಗೆ ಒಂದು ವಿದ್ಯುತ್ ಮ್ಯಾಗ್ನೆಟ್. ಕರೆಂಟ್ ಬಂದಾಗ ಅದು ತಿರುಗುವ ಡ್ರಮ್‌ನ ಒಳಮುಖಕ್ಕೆ ಅಂಟಿ, ಅದರ ಜತೆ ಸ್ವಲ್ಪ ಸರಿದು, ಒಂದು ತೋಳನ್ನು ಎಳೆದು ಶೂಗಳನ್ನು ಅಗಲಿಸುತ್ತದೆ. ಒಂದು ಮ್ಯಾಗ್ನೆಟ್ 12 ವೋಲ್ಟ್‌ನಲ್ಲಿ 3ರಿಂದ 4 ಆಂಪಿಯರ್ ಎಳೆಯುತ್ತದೆ. ಎರಡು ಆ್ಯಕ್ಸಲ್‌ಗೆ ನಾಲ್ಕು ಮ್ಯಾಗ್ನೆಟ್, ಒಟ್ಟು ಸುಮಾರು 15 ಆಂಪಿಯರ್. ಡ್ರಮ್ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಕುದುರೆಗೆ ವ್ಯತ್ಯಾಸ ಮಾಡುವುದು ಗಾಡಿಯೊಳಗಿನ ಪೆಟ್ಟಿಗೆ.

ಅಗ್ಗದ ಪೆಟ್ಟಿಗೆ ಟೈಮ್ ಡಿಲೇ ಬಗೆಯದು. ಬ್ರೇಕ್ ದೀಪ ಹೊತ್ತಿದೊಡನೆ ಅದು ಎಣಿಸಲು ಶುರುಮಾಡಿ, ನಾವು ಇಟ್ಟ ಮಟ್ಟದ ತನಕ ಕರೆಂಟನ್ನು ಏರಿಸುತ್ತಾ ಹೋಗುತ್ತದೆ. ಪೆಡಲನ್ನು ಮೆಲ್ಲನೆ ಒತ್ತಿದಿರೋ ಜೋರಾಗಿ ತುಳಿದಿರೋ ಅದಕ್ಕೆ ಗೊತ್ತಿಲ್ಲ. ತೆರೆದ ರಸ್ತೆಯಲ್ಲಿ ಇದು ತಕ್ಕಮಟ್ಟಿಗೆ ನಡೆಯುತ್ತದೆ. ನಿಂತು ನಿಂತು ಸಾಗುವ ದಟ್ಟಣೆಯಲ್ಲಿ ಕೆಡುತ್ತದೆ: ಪೆಡಲ್ ಮೇಲೆ ಕಾಲು ಹಗುರವಾಗಿ ಇಟ್ಟುಕೊಂಡೇ ತೆವಳುತ್ತಿರುವಾಗ ಕರೆಂಟ್ ಪೂರ್ತಿ ಏರಿ, ಆಮೆವೇಗದಲ್ಲೇ ಟ್ರೈಲರ್ ಹಿಂದಿನಿಂದ ಗಕ್ಕನೆ ಜಗ್ಗುತ್ತದೆ. ತುರ್ತು ಬ್ರೇಕಿನಲ್ಲಿ ಇದರ ತಿರುವುಮುರುವು. ಮೊದಲ ಕ್ಷಣದಲ್ಲಿ ಟ್ರೈಲರ್ ಏನೂ ಮಾಡದೆ ಗಾಡಿಯನ್ನು ನೂಕುತ್ತದೆ. ಸರಕಿಗೆ ಇದು ನಡೆದೀತು, ಕುದುರೆಗೆ ಬೇಡ.

ಪ್ರಪೋರ್ಷನಲ್ ಕಂಟ್ರೋಲರ್‌ನಲ್ಲಿ ಪೆಂಡುಲಮ್ ಅಥವಾ ಆ್ಯಕ್ಸಲರೋಮೀಟರ್ ಇರುತ್ತದೆ. ಗಾಡಿ ಎಷ್ಟು ರಭಸದಿಂದ ನಿಧಾನವಾಗುತ್ತಿದೆಯೋ ಅಷ್ಟೇ ಕರೆಂಟನ್ನು ಹಿಂದಕ್ಕೆ ಕಳಿಸುತ್ತದೆ. ಅದೇ ಟ್ರೈಲರ್, ಅದೇ ಡ್ರಮ್, ಪೆಟ್ಟಿಗೆ ಮಾತ್ರ ಬೇರೆ; ಆದರೂ ಕ್ಯಾಮರಾದಲ್ಲಿ ಕಾಣುವ ವ್ಯತ್ಯಾಸಕ್ಕೆ ವಿವರಣೆ ಬೇಕಾಗುವುದಿಲ್ಲ. ಪೆಂಡುಲಮ್ ಬಗೆಗೆ ಒಂದು ಚಾಳಿ ಇದೆ. ಇಳಿಜಾರಿನಲ್ಲಿ ಮೂತಿ ಕೆಳಗಾದಾಗ ತೂಗು ಮುಂದಕ್ಕೆ ವಾಲುವುದರಿಂದ ಬ್ರೇಕ್ ತುಸು ಜೋರಾಗುತ್ತದೆ, ಏರಿನಲ್ಲಿ ತುಸು ಸಪ್ಪೆಯಾಗುತ್ತದೆ. ಪೆಟ್ಟಿಗೆಯನ್ನು ಕೈಪಿಡಿ ಹೇಳಿದ ಕೋನದಲ್ಲೇ ಕೂರಿಸದಿದ್ದರೆ ಸಮತಟ್ಟಿನಲ್ಲೂ ಇದೇ ಪಾಡು. ಗಾಡಿಯ ಕಾರ್ಖಾನೆಯಿಂದಲೇ ಬರುವ ಕಂಟ್ರೋಲರ್ ಬ್ರೇಕ್ ಎಣ್ಣೆಯ ಒತ್ತಡ, ಗಾಡಿಯ ವೇಗ ಎರಡನ್ನೂ ನೋಡುತ್ತದೆ. ಸಿಗುವುದಾದರೆ ಅದೇ ಎಲ್ಲಕ್ಕಿಂತ ನಯ.

ಎರಡನೇ ಪ್ರಶ್ನೆಗೆ ಇಲ್ಲಿ ಉತ್ತರ ಸ್ಪಷ್ಟ. ಕಂಟ್ರೋಲರ್ ಮೇಲಿನ ಕೈ ಲೀವರ್ ಸರಿಸಿದರೆ ಟ್ರೈಲರ್ ಬ್ರೇಕ್ ಮಾತ್ರ ಬೀಳುತ್ತದೆ. ಬಳುಕು ಶುರುವಾದರೆ ಆ್ಯಕ್ಸಿಲರೇಟರ್ ಮೆಲ್ಲನೆ ಬಿಡಿ, ಸ್ಟೀರಿಂಗ್ ನೇರ ಹಿಡಿಯಿರಿ, ಲೀವರ್ ಮೆಲ್ಲಗೆ ಒತ್ತಿ. ಗಾಡಿಯ ಬ್ರೇಕ್ ತುಳಿದರೆ ಟ್ರೈಲರ್ ಇನ್ನಷ್ಟು ಮುಂದಕ್ಕೆ ನೂಕಿ ಬಳುಕು ಹೆಚ್ಚುತ್ತದೆ. ಬಳುಕಿನ ಮೂಲ ಮಾತ್ರ ಬ್ರೇಕಿನಲ್ಲಿಲ್ಲ, ತೂಕದಲ್ಲಿದೆ. ಎರಡು ಆ್ಯಕ್ಸಲ್‌ನ ಇಂಥ ಟ್ರೈಲರ್‌ನಲ್ಲಿ ಕೊಂಡಿಯ ಮೇಲೆ ಒಟ್ಟು ತೂಕದ ಶೇ. 10ರಿಂದ 15 ಬೀಳಬೇಕು, ಅದು ಹಿಚ್ ತಾಳುವ ಮಿತಿಯೊಳಗೂ ಇರಬೇಕು. ಒಂದೇ ಕುದುರೆ ಇದ್ದರೆ ಅದು ರಸ್ತೆಯ ನಡುವಿನ ಬದಿಗೆ ನಿಲ್ಲಲಿ. ಎರಡಿದ್ದರೆ ಭಾರದ್ದು ಆ ಬದಿಗೆ.

ಗೇನ್, ಎಂದರೆ ಟ್ರೈಲರ್ ಬ್ರೇಕಿಗೆ ಎಷ್ಟು ಕರೆಂಟ್ ಹೋಗಬೇಕೆಂದು ಕಂಟ್ರೋಲರ್‌ನಲ್ಲಿ ಇಡುವ ಮಟ್ಟ, ಹೊಂದಿಸುವುದು ಹೀಗೆ. ಒಣ, ಸಮತಟ್ಟಾದ, ಖಾಲಿ ರಸ್ತೆಯಲ್ಲಿ 40 ಕಿ.ಮೀ. ವೇಗದಲ್ಲಿ ಲೀವರನ್ನು ಪೂರ್ತಿ ಎಳೆಯಿರಿ. ಚಕ್ರ ಸಿಕ್ಕಿಕೊಂಡು ಟೈರ್ ಉಜ್ಜಿದರೆ ಗೇನ್ ಇಳಿಸಿ, ಜಗ್ಗಿದ್ದೇ ತಿಳಿಯದಿದ್ದರೆ ಏರಿಸಿ. ಚಕ್ರ ಸಿಕ್ಕಿಕೊಳ್ಳುವುದಕ್ಕೆ ತುಸು ಮುಂಚಿನ ಅಂಕಿಯೇ ಸರಿ. ಇದನ್ನು ಖಾಲಿ, ಒಂದು ಕುದುರೆ, ಎರಡು ಕುದುರೆಯ ತೂಕಕ್ಕೆ ಸಮನಾದ ಚೀಲಗಳಿಟ್ಟು ಮೂರು ಸಲ ಮಾಡಿ, ಮೂರೂ ಅಂಕಿಗಳನ್ನು ಡ್ಯಾಶ್‌ಬೋರ್ಡ್ ಮೇಲೆ ಅಂಟಿಸಿಡಿ. ಕುದುರೆ ಹತ್ತಿಸಿದ ಮೇಲೆ 20 ಕಿ.ಮೀ. ವೇಗದಲ್ಲಿ ಲೀವರ್ ಹಗುರವಾಗಿ ಮುಟ್ಟಿ ಖಚಿತಪಡಿಸಿಕೊಂಡರೆ ಸಾಕು. ಕುದುರೆ ಇಳಿಸಿ ಮರಳುವಾಗ ಗೇನ್ ಇಳಿಸಲು ಮರೆತರೆ ಚಕ್ರ ಲಾಕ್ ಆಗಿ ಟೈರ್ ಒಂದೇ ಕಡೆ ಚಪ್ಪಟೆಯಾಗಿ ಸವೆಯುತ್ತದೆ.

ಇಷ್ಟಾದರೂ ಹಿಡಿತ ಸಪ್ಪೆ ಎನಿಸಿದರೆ ಗೇನ್ ಮೇಲೆ ಕೈಯಿಡುವ ಮೊದಲು ಶೂ ನೋಡಿ. ಚಾಸಿಗೆ ಜ್ಯಾಕ್ ಕೊಟ್ಟು ಚಕ್ರ ಎತ್ತಿ, ಆ್ಯಕ್ಸಲ್‌ಗೆ ಕೊಡಬೇಡಿ, ಅದು ಬಾಗುತ್ತದೆ. ಡ್ರಮ್‌ನ ಹಿಂಬದಿ ತಟ್ಟೆಯ ಕಿಂಡಿಯಿಂದ, ಶೂ ಹೊಂದಿಸುವ ಹಲ್ಲುಚಕ್ರವನ್ನು, ಕೈಯಿಂದ ಚಕ್ರ ತಿರುಗಿಸುವುದು ಕಷ್ಟವಾಗುವ ತನಕ ಬಿಗಿಮಾಡಿ. ಆಮೇಲೆ 8ರಿಂದ 10 ಹಲ್ಲು ಸಡಿಲಿಸಿ. ಚಕ್ರ ಸರಾಗವಾಗಿ ತಿರುಗುತ್ತಾ ಶೂ ಅಲ್ಪವಾಗಿ ಸವರುವ ಸದ್ದು ಕೇಳಬೇಕು. ಹೊಸ ಶೂಗಳಿಗೆ ಮೊದಲ 300 ಕಿ.ಮೀ. ಆದಮೇಲೆ, ನಂತರ ಸುಮಾರು 5,000 ಕಿ.ಮೀ.ಗೊಮ್ಮೆ ಇದು ಬೇಕು. ಹೊಸದರಲ್ಲಿ 65 ಕಿ.ಮೀ. ವೇಗದಿಂದ 30ಕ್ಕೆ ಇಳಿಸುವಂತೆ 20ರಿಂದ 30 ಬಾರಿ, ನಡುನಡುವೆ ತಣಿಯಲು ಬಿಟ್ಟು, ಬ್ರೇಕ್ ಹಾಕಿ ಶೂ ಪಳಗಿಸಿದರೆ ಮಾತ್ರ ಪೂರ್ತಿ ಹಿಡಿತ ಬರುತ್ತದೆ. ಇದೂ ಖಾಲಿ ಟ್ರೈಲರ್‌ನಲ್ಲೇ.

ಹೆಚ್ಚು ಕಾಡುವುದು ತಂತಿ. 15 ಆಂಪಿಯರ್ ಹೋಗಲು 10 ಮೀಟರ್, ಬರಲು 10 ಮೀಟರ್ ಎಂದರೆ 1.5 ಚದರ ಮಿ.ಮೀ. ತಂತಿಯಲ್ಲೇ 3 ವೋಲ್ಟ್‌ಗಿಂತ ಹೆಚ್ಚು ಕಳೆದುಹೋಗುತ್ತದೆ. 6 ಚದರ ಮಿ.ಮೀ. ಆದರೆ 1 ವೋಲ್ಟ್ ಒಳಗೆ. ಅರ್ತ್ ತಂತಿಯ ತುದಿ ತುಕ್ಕು ಹಿಡಿದಿದ್ದರೆ ಒಂದು ಬದಿಯ ಬ್ರೇಕ್ ಸಪ್ಪೆಯಾಗಿ ಟ್ರೈಲರ್ ಇನ್ನೊಂದು ಬದಿಗೆ ಎಳೆಯುತ್ತದೆ. ಅರ್ತನ್ನು ಕೊಂಡಿಯ ಬಾಲ್ ಮೂಲಕ ಅಲ್ಲ, ಪ್ಲಗ್ ಮೂಲಕವೇ ಬ್ಯಾಟರಿಗೆ ಮುಟ್ಟಿಸಿ. ಇನ್ನೊಂದು ಕಾಟ ಗ್ರೀಸ್. ಹಬ್‌ಗೆ ಗನ್‌ನಿಂದ ಜೋರಾಗಿ ತುಂಬಿದರೆ ಸೀಲ್ ದಾಟಿ ಶೂ ಮೇಲೆ ಬರುತ್ತದೆ. ಗ್ರೀಸ್ ಹೀರಿದ ಶೂವನ್ನು ತೊಳೆದು ಉಳಿಸಿಕೊಳ್ಳಲಾಗದು, ಆ ಆ್ಯಕ್ಸಲ್‌ನ ಎರಡೂ ಬದಿಯದನ್ನು ಬದಲಿಸಬೇಕು.

ಎಲೆಕ್ಟ್ರಿಕ್ ಓವರ್ ಹೈಡ್ರಾಲಿಕ್ ಡಿಸ್ಕ್

ಅದೇ ಕಂಟ್ರೋಲರ್, ಆದರೆ ಕರೆಂಟ್ ಹೋಗುವುದು ಟ್ರೈಲರ್ ಮೇಲಿನ ಪಂಪಿಗೆ; ಪಂಪ್ ಎಣ್ಣೆಯ ಒತ್ತಡದಿಂದ ಚಕ್ರಗಳ ಡಿಸ್ಕ್ ಬ್ರೇಕ್ ಹಾಕುತ್ತದೆ. ಡಿಸ್ಕ್‌ಗೆ 1,600 ಪಿಎಸ್ಐ (ಚದರ ಇಂಚಿಗೆ ಪೌಂಡ್) ಒತ್ತಡ ಕೊಡುವ ಪಂಪ್ ಬೇಕು. ಡ್ರಮ್‌ಗೆಂದು ಮಾಡಿದ 1,000 ಪಿಎಸ್ಐ ಪಂಪ್ ಹಾಕಿ ಡಿಸ್ಕ್ ಹಿಡಿಯುವುದಿಲ್ಲ ಎಂದು ದೂರುವವರು ಕಡಿಮೆಯೇನಿಲ್ಲ. ಡಿಸ್ಕ್ ಬಿಸಿಯನ್ನು ಬೇಗ ಬಿಟ್ಟುಕೊಡುತ್ತದೆ, ನೆನೆದರೂ ಬೇಗ ಒಣಗುತ್ತದೆ, ಶೂ ಹೊಂದಿಸುವ ಕೆಲಸವಿಲ್ಲ. ಉದ್ದದ ಇಳಿಜಾರುಗಳಲ್ಲಿ ಮೂರು-ನಾಲ್ಕು ಕುದುರೆ ಸಾಗಿಸುವವರಿಗೆ ಇದೇ ಸರಿ. ಪಂಪ್ ಒತ್ತಡ ಕಟ್ಟಿಕೊಳ್ಳಲು ಕಣ್ಣಿಗೆ ಕಾಣದ, ಕಾಲಿಗೆ ತಿಳಿಯುವ ತಡವೊಂದಿದೆ. ಕಂಟ್ರೋಲರ್‌ನಲ್ಲಿ ಈ ಬಗೆಗೆಂದೇ ಇರುವ ಸೆಟ್ಟಿಂಗ್ ಹಾಕದಿದ್ದರೆ ಬ್ರೇಕ್ ಬೀಳದೇ ಇರಬಹುದು, ಎಲ್ಲ ಕಂಟ್ರೋಲರ್‌ಗಳಲ್ಲಿ ಆ ಸೆಟ್ಟಿಂಗ್ ಇರುವುದೂ ಇಲ್ಲ. ಖರ್ಚು ಮೂರರಲ್ಲಿ ಹೆಚ್ಚು. ಎರಡು ಕುದುರೆಯ ಟ್ರೈಲರ್‌ಗೆ, ಸಮತಟ್ಟಿನ ಓಡಾಟಕ್ಕೆ, ಆ ಖರ್ಚು ಬೇಕಿಲ್ಲ. ಅದೇ ಹಣದಲ್ಲಿ ಒಳ್ಳೆಯ ಪ್ರಪೋರ್ಷನಲ್ ಕಂಟ್ರೋಲರ್, ದಪ್ಪ ತಂತಿ, ಹೊಸ ಟೈರ್ ಮೂರೂ ಬಂದಾವು.

ಕೊಂಡಿ ಕಳಚಿದರೆ

ಎಲೆಕ್ಟ್ರಿಕ್ ಮತ್ತು ಡಿಸ್ಕ್ ಎರಡಕ್ಕೂ ಬ್ರೇಕ್‌ಅವೇ ಸ್ವಿಚ್ (ಕೊಂಡಿ ಕಳಚಿದಾಗ ಗಾಡಿಗೆ ಸಿಕ್ಕಿಸಿದ ಕೇಬಲ್ ಇದರ ಪಿನ್ ಎಳೆದು ಟ್ರೈಲರ್ ಬ್ರೇಕ್ ಹಾಕಿಸುತ್ತದೆ), ಟ್ರೈಲರ್ ಮೇಲೆಯೇ 12 ವೋಲ್ಟ್ ಬ್ಯಾಟರಿ ಇರಬೇಕು. ಸರ್ಜ್‌ನಲ್ಲಿ ಒಂದು ಕೇಬಲ್ ಬ್ರೇಕನ್ನು ಯಾಂತ್ರಿಕವಾಗಿ ಎಳೆದು ನಿಲ್ಲಿಸುತ್ತದೆ, ಬ್ಯಾಟರಿಯ ಹಂಗಿಲ್ಲ. ಈ ಒಂದು ವಿಷಯದಲ್ಲಿ ಅದೇ ಮೇಲು. ಯಾವ ಬಗೆಯಾದರೂ ಕೇಬಲನ್ನು ಗಾಡಿಯ ಚಾಸಿಗೆ ಸಿಕ್ಕಿಸಬೇಕು, ಬಾಲ್‌ಗೆ ಅಲ್ಲ, ಸುರಕ್ಷಾ ಸರಪಳಿಗೂ ಅಲ್ಲ. ಬಾಲ್ ಸಮೇತ ಕಿತ್ತುಬಂದರೆ ಪಿನ್ ಎಳೆಯುವವರೇ ಇರುವುದಿಲ್ಲ. ಉದ್ದ ಎಷ್ಟಿರಬೇಕೆಂದರೆ ತಿರುವಿನಲ್ಲಿ ಬಿಗಿಯಾಗಬಾರದು, ಸರಪಳಿ ಪೂರ್ತಿ ಬಿಗಿಯುವ ಮುನ್ನ ಪಿನ್ ಹೊರಬರಬೇಕು.

ಸ್ವಿಚ್ ಪರೀಕ್ಷಿಸಲು ಮೊದಲು ಗಾಡಿಯ ಪ್ಲಗ್ ಕಳಚಿ, ಇಲ್ಲದಿದ್ದರೆ ಕೆಲವು ಕಂಟ್ರೋಲರ್‌ಗಳು ಸುಟ್ಟುಹೋಗುತ್ತವೆ. ಪ್ಲಗ್ ಹಾಕಿದ್ದರೆ ಗಾಡಿಯ ಬ್ಯಾಟರಿಯೇ ಬಲ ಕೊಟ್ಟು ಟ್ರೈಲರ್ ಬ್ಯಾಟರಿ ಸತ್ತಿದ್ದರೂ ಗೊತ್ತಾಗುವುದಿಲ್ಲ. ಪಿನ್ ಎಳೆದು ಗಾಡಿಯನ್ನು ಒಂದೆರಡು ಅಡಿ ಮುಂದಕ್ಕೆ ತೆವಳಿಸಿ. ನಾಲ್ಕೂ ಚಕ್ರ ಗಟ್ಟಿಯಾಗಿ ಹಿಡಿಯಬೇಕು. ಎಲೆಕ್ಟ್ರಿಕ್ ಡ್ರಮ್‌ನಲ್ಲಿ ಒಂದಾದರೂ ತಿರುಗಿದರೆ ಆ ಚಕ್ರದ ಮ್ಯಾಗ್ನೆಟ್ ಅಥವಾ ತಂತಿ ಕೆಟ್ಟಿರಬಹುದು. ನೋಡಿದ ಕೂಡಲೇ ಪಿನ್ ವಾಪಸ್ ಸಿಕ್ಕಿಸಿ. ಮ್ಯಾಗ್ನೆಟ್‌ಗಳು ಬಿಸಿಯಾಗುವುದಲ್ಲದೆ ಆ ಪುಟ್ಟ ಬ್ಯಾಟರಿಯೂ ಖಾಲಿಯಾಗುತ್ತದೆ, ಅದು ಮತ್ತೆ ತುಂಬಿದ ಮೇಲೆಯೇ ಕುದುರೆ ಹತ್ತಿಸಿ.