ಹಿತ್ತಲಿನ ಕಬ್ಬಿಣದ ಅಗ್ಗಿಷ್ಟಿಕೆ: ಎರಡು ಚಳಿಗಾಲ ಬಳಸಿದ ಮೇಲೆ

ಗದಗಿನ ವೆಲ್ಡಿಂಗ್ ಅಂಗಡಿಯೊಂದರಲ್ಲಿ 2,600 ರೂಪಾಯಿಗೆ ಕೊಂಡ ಕಬ್ಬಿಣದ ಅಗ್ಗಿಷ್ಟಿಕೆಯನ್ನು ನಮ್ಮ ಹಿತ್ತಲಿನಲ್ಲಿ ಎರಡು ಚಳಿಗಾಲ ಬಳಸಿದ್ದೇವೆ. ಎರಡು ಅಡಿ ಅಗಲದ ಬೋಗುಣಿ, ಗೇಣೆತ್ತರದ ಮೂರು ಕಾಲು, ಬೂದಿ ಉದುರಲು ತಳದಲ್ಲಿ ತೂತುಗಳು, ಇಷ್ಟೇ ಅದರ ರಚನೆ. ತಗಡು ದಪ್ಪವಾಗಿರುವುದರಿಂದ ಇದುವರೆಗೆ ಸೊಟ್ಟಗಾಗಿಲ್ಲ, ಬೆಸುಗೆಯೂ ಬಿಟ್ಟಿಲ್ಲ. ಮುಂಚೆ ನೆಲದ ಮೇಲೆ ಕಟ್ಟಿಗೆ ಒಟ್ಟಿ ಹಚ್ಚುತ್ತಿದ್ದಾಗ ಅತ್ತಿತ್ತ ಹರಡುತ್ತಿದ್ದ ಬೆಂಕಿ ಈಗ ಅಳತೆಯಲ್ಲಿ ಉಳಿಯುತ್ತದೆ.

ದೊಡ್ಡ ಕೊರತೆಯೆಂದರೆ ಕಿಡಿ ತಡೆಯುವ ಜಾಳಿಗೆಯ ಮುಚ್ಚಳ ಇದಕ್ಕಿಲ್ಲ. ಕಪ್ಪತಗುಡ್ಡದ ಸುತ್ತ ಗಾಳಿಯಂತ್ರಗಳು ತಿರುಗುವಂಥ ಜಿಲ್ಲೆ ನಮ್ಮದು. ಇಲ್ಲಿ ಮುಚ್ಚಳವಿಲ್ಲದ ಅಗ್ಗಿಷ್ಟಿಕೆ ಮಾರುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲ ವರ್ಷ ಎಳ್ಳಮವಾಸ್ಯೆಯ ಸಂಜೆ ಒಂದು ಕಿಡಿ ಹಾರಿ ನೆರೆಮನೆಯ ಮೇವಿನ ಬಣವೆಯ ಮಗ್ಗುಲಿಗೇ ಬಿದ್ದಿತು. ಪಕ್ಕದಲ್ಲಿ ಕೊಡದ ತುಂಬ ನೀರು ಇದ್ದುದರಿಂದ ಅನಾಹುತ ತಪ್ಪಿತು. ಮರುದಿನವೇ ಬೇರೆ ಕಡೆ ಜಾಳಿಗೆ ಮಾಡಿಸಿದೆವು. ಅಂದಿನಿಂದ ಮನೆ, ಬಣವೆ, ಬೇಲಿ ಇವುಗಳಿಂದ ಕನಿಷ್ಠ 25 ಅಡಿ ದೂರದಲ್ಲಿ, ಮೇಲೆ ಮರದ ಕೊಂಬೆಯಾಗಲಿ ವಿದ್ಯುತ್ ತಂತಿಯಾಗಲಿ ಇಲ್ಲದ ಕಡೆ ಮಾತ್ರ ಇಡುತ್ತೇವೆ; ಗಾಳಿ ಬೀಸುವ ದಿನ ಹಚ್ಚುವುದೇ ಇಲ್ಲ. ತಳದ ತೂತುಗಳಿಂದ ಸಣ್ಣ ಕೆಂಡಗಳೂ ಉದುರುವುದರಿಂದ ಅಡಿಯಲ್ಲಿ ಮರಳು ಹರಡಿರುತ್ತೇವೆ.

ಬೆಂಕಿ ಬೇಗ ಹತ್ತಲು ಸ್ವಲ್ಪ ಸೀಮೆಎಣ್ಣೆ ಸುರಿಯಿರಿ ಎಂದು ಅಂಗಡಿಯವರು ಹೇಳಿದ್ದರು. ಈ ಸಲಹೆಯನ್ನು ಯಾರೂ ಪಾಲಿಸಬಾರದು. ಪೆಟ್ರೋಲಿನ ಆವಿಯಂತೂ ಕಡ್ಡಿ ಗೀರುವಷ್ಟರಲ್ಲಿ ಮುಖಕ್ಕೇ ಭುಗಿಲೆದ್ದೀತು. ಚೆನ್ನಾಗಿ ಒಣಗಿದ ಜಾಲಿ ಕಟ್ಟಿಗೆ, ಕೆಳಗೆ ನಾಲ್ಕು ಪುಳ್ಳೆ ಇದ್ದರೆ ಸಾಕು. ಬಣ್ಣ ಬಳಿದ ಹಲಗೆ, ಪ್ಲೈವುಡ್ಡು, ಪ್ಲಾಸ್ಟಿಕ್ ಸುಟ್ಟರೆ ಬರುವ ಹೊಗೆ ವಿಷ. ಮಕ್ಕಳನ್ನು ದೂರ ಕೂರಿಸಬೇಕು, ಸೆರಗು ಮತ್ತು ಶಾಲುಗಳನ್ನು ಬಿಗಿಯಾಗಿ ಸುತ್ತಿಕೊಳ್ಳಬೇಕು.

ನಂದಿಸುವ ಕೆಲಸವನ್ನೇ ಹೆಚ್ಚಿನವರು ಅರ್ಧಕ್ಕೆ ಬಿಡುತ್ತಾರೆ. ಮೇಲೆ ಬೂದಿ ಮುಚ್ಚಿ ತಣ್ಣಗೆ ಕಂಡ ಕೆಂಡ ಒಳಗೊಳಗೇ ಮರುದಿನದವರೆಗೂ ಜೀವಂತವಾಗಿರಬಲ್ಲದು. ಪಕ್ಕಕ್ಕೆ ನಿಂತು ನಿಧಾನವಾಗಿ ನೀರು ಚಿಮುಕಿಸಿ, ಕೋಲಿನಿಂದ ಕೆದಕಿ, ಮತ್ತೆ ನೀರು ಹಾಕಿ, ಅಂಗೈಯನ್ನು ಸಮೀಪಕ್ಕೆ ಹಿಡಿದಾಗ ಬಿಸಿ ತಟ್ಟದಿದ್ದರೆ ಮಾತ್ರ ಒಳಗೆ ಹೋಗುತ್ತೇವೆ. ಕೆಂಡವಿರುವ ಅಗ್ಗಿಷ್ಟಿಕೆಯನ್ನು ಚಳಿಯೆಂದು ಮಲಗುವ ಕೋಣೆಗೆ ಒಯ್ಯುವುದು ಪ್ರಾಣಾಪಾಯ, ಏಕೆಂದರೆ ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಹಚ್ಚದೆ 20 ನಿಮಿಷ ಹರಿಯುವ ತಣ್ಣೀರು ಹಿಡಿಯಬೇಕು. ಬೆಂಕಿ ಕೈಮೀರಿದರೆ ತಡಮಾಡದೆ 101 ಅಥವಾ 112ಕ್ಕೆ ಕರೆ ಮಾಡಬೇಕು.

ವಿಶಾಲ ಹಿತ್ತಲಿರುವವರು ಇದನ್ನು ಧಾರಾಳವಾಗಿ ಕೊಳ್ಳಬಹುದು, ಆದರೆ ಜಾಳಿಗೆಯ ಮುಚ್ಚಳವನ್ನು ಅದೇ ದಿನ ಮಾಡಿಸಿಕೊಳ್ಳಬೇಕು. ಗೋಡೆಗೆ ಗೋಡೆ ತಾಗಿದ ಓಣಿಯ ಮನೆಯವರಿಗೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ.