ಸೊಂಟಕ್ಕೆ ಕಟ್ಟುವ ನಾಯಿ ಬೆಲ್ಟ್: ಗದಗ ಸೀಮೆಯ ಗುಡ್ಡಕ್ಕೆ ಒಗ್ಗುತ್ತದೆಯೇ?

ಹಿಮದ ನಾಡಿನಲ್ಲಿ ಸ್ಕೀ ಮಾಡುವವರು ನಾಯಿಯನ್ನು ಸೊಂಟಕ್ಕೆ ಜೋಡಿಸಿಕೊಳ್ಳಲು ಬಳಸುವ ಸೆಟ್ ಈಗ ಆನ್‌ಲೈನಿನಲ್ಲಿ ನಮಗೂ ಸಿಗುತ್ತದೆ. ಅಗಲವಾದ ಬೆಲ್ಟ್, ಒಳಗೆ ರಬ್ಬರ್ ಇರುವ ಲೀಶ್ ಅಂದರೆ ನಾಯಿ ಹಿಡಿಯುವ ಪಟ್ಟಿ, ನಾಯಿಯ ಮೈಗೆ ತೊಡಿಸುವ ಹಾರ್ನೆಸ್. ಮಳೆ ನಿಂತು ಗುಡ್ಡ ಇನ್ನೂ ಹಸಿರಿರುವಾಗಲೇ ನಾಯಿ ಕಟ್ಟಿಕೊಂಡು ಹೊರಡುವವರು ಬೆಲ್ಟ್ ಮತ್ತು ಲೀಶನ್ನು ಧೈರ್ಯವಾಗಿ ಕೊಳ್ಳಬಹುದು. ಹಾರ್ನೆಸ್ ಬೇಡ. ಮುಧೋಳ ನಾಯಿ ಇದ್ದವರಿಗಂತೂ ಬೇಡವೇ ಬೇಡ.

ಆ ಹಾರ್ನೆಸ್ ಇರುವುದು ಎಳೆಯುವ ಕೆಲಸಕ್ಕೆ. ಕೊಂಡಿ ಬಾಲದ ಬುಡದ ಹತ್ತಿರ ಬರುತ್ತದೆ. ನಾಯಿ ಮುಂದೆ ಎಳೆಯುವವರೆಗೆ ಸರಿ, ಬೆದರಿ ಹಿಂದಕ್ಕೆ ಸರಿದರೆ ಇಡೀ ಪಟ್ಟಿ ತಲೆಯ ಮೇಲಿಂದ ಕಳಚಿ ಬರುತ್ತದೆ. ಮುಧೋಳದ ತಲೆ ಸಪೂರ, ಕುತ್ತಿಗೆ ಹೆಚ್ಚುಕಡಿಮೆ ಅಷ್ಟೇ ದಪ್ಪ. ಸಾದಾ ಕಾಲರ್ ಜಾರುವುದೂ ಇದಕ್ಕೇ. ಮೂರು ಪಟ್ಟಿಯ ಹಾರ್ನೆಸ್ ಬೇರೆಯಾಗಿ ಕೊಳ್ಳಿ. ಮೂರನೆಯ ಪಟ್ಟಿ ಪಕ್ಕೆಲುಬಿನ ಹಿಂದೆ, ಸಣ್ಣ ನಡುವಿಗೆ ಕೂರಬೇಕು. ಆಳವಾದ ಎದೆ ಅದರಿಂದ ಹಿಂದಕ್ಕೆ ನುಸುಳಲಾರದು. ಎರಡು ಬೆರಳು ಹಿಡಿಸುವಷ್ಟು ಬಿಗಿ ಸಾಕು. ನೈಲಾನ್ ಇಬ್ಬನಿಗೆ ತೊಯ್ದರೆ ಸಡಿಲಾಗುತ್ತದೆ, ಸ್ವಲ್ಪ ದೂರ ನಡೆದ ಮೇಲೆ ಮತ್ತೊಮ್ಮೆ ಬಿಗಿಯಿರಿ.

ಬೆಲ್ಟ್ ಹೊಕ್ಕುಳ ಮಟ್ಟದಲ್ಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ಮೇಲೇರಿದರೆ ಪ್ರತಿ ಜಗ್ಗಿಗೂ ಬೆನ್ನಿಗೆ ಪೆಟ್ಟು. ತೊಡೆಗೆ ಹಾಕುವ ಪಟ್ಟಿಗಳಿರುವುದು ಅದಕ್ಕಾಗಿಯೇ, ಅವನ್ನು ಬಿಚ್ಚಿ ಎಸೆಯಬೇಡಿ.

ಲೀಶಿನ ರಬ್ಬರ್ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಕಾಲಡಿಯಿಂದ ಕೌಜುಗ ಬುರ್ರನೆ ಎದ್ದಾಗ ನಾಯಿಯ ಮೊದಲ ಜಗ್ಗನ್ನು ಅದು ನುಂಗಿಬಿಡುತ್ತದೆ. ಮೊಲ ಎದ್ದರೆ ಮಾತ್ರ ರಬ್ಬರನ್ನು ನಂಬಬೇಡಿ. ಹಿಗ್ಗಿದಷ್ಟೂ ನಾಯಿಗೆ ಓಟ ಸಿಗುತ್ತದೆ. ಹಾರ್ನೆಸ್ಸಿಗೆ ಹತ್ತಿರ ಕೈಹಿಡಿ ಇರುವ ಲೀಶನ್ನೇ ಆರಿಸಿ. ಇಳಿಜಾರಿನಲ್ಲಿ ಬೆಲ್ಟಿನಿಂದ ಬಿಚ್ಚಿ ಕೈಯಲ್ಲೇ ಹಿಡಿಯಿರಿ. ಗರಸಿನ ಮೇಲೆ ಒಂದು ಜಗ್ಗು ಸಾಕು, ಮುಗ್ಗರಿಸಲು.

ಬೆಲ್ಟಿಗೆ ಲೀಶ್ ಜೋಡಿಸುವ, ಒಂದೇ ಎಳೆತಕ್ಕೆ ಕಳಚುವ ಕೊಂಡಿಯನ್ನು ಹೊರಡುವ ಮುಂಚೆ ಭಾರ ಹಾಕಿ ಎಳೆದು ನೋಡಿ. ಎರಿಮಣ್ಣು ಒಣಗಿ ಒಳಗೆ ಕೂತರೆ ಬೇಕಾದಾಗಲೇ ಅದು ಬಿಚ್ಚುವುದಿಲ್ಲ. ಬರೀ ನೀರಲ್ಲಿ ತೊಳೆಯಿರಿ. ಎಣ್ಣೆ ಬಿಟ್ಟರೆ ಧೂಳು ಇನ್ನಷ್ಟು ಅಂಟುತ್ತದೆ.

ಈ ಕಾಲದಲ್ಲಿ ಹುಲ್ಲು ಬಲಿತು ಸುಂಕು ಉದುರುತ್ತಿರುತ್ತದೆ. ಅದರ ಮುಳ್ಳು ಒಂದೇ ದಿಕ್ಕಿಗೆ ಇರುವುದರಿಂದ ಒಳಗೆ ಹೋದದ್ದು ತಾನಾಗಿ ಹೊರಬರದು, ಕೀವಾಗುತ್ತದೆ. ಪಟ್ಟಿಯ ಮೆತ್ತೆಗೆ ಬಟ್ಟೆಯ ಹೊದಿಕೆ ಇದ್ದರೆ ಸುಂಕು ಅದಕ್ಕೇ ಸಿಕ್ಕಿ ಕಂಕುಳನ್ನು ತರಚುತ್ತದೆ, ನುಣುಪಾದದ್ದು ಲೇಸು. ಮರಳಿದ ಮೇಲೆ ಬೆರಳ ಸಂದು, ಕಿವಿ, ಕಂಕುಳು ನೋಡಿ. ಉಣ್ಣಿಯೂ ಅಲ್ಲೇ ಕೂತಿರುತ್ತದೆ. ನಾಯಿ ಒಂದೇ ಸಮ ತಲೆ ಕೊಡವಿದರೆ ಕಿವಿಗೆ ಎಣ್ಣೆ ಹಾಕದೆ ಪಶುವೈದ್ಯರಲ್ಲಿಗೆ ಒಯ್ಯಿರಿ.

ಬೆಲ್ಟ್ ಎಷ್ಟೇ ಗಟ್ಟಿಯಿರಲಿ, ಕಪ್ಪತಗುಡ್ಡದೊಳಗೆ ನಾಯಿ ಬೇಡ. 2019ರಿಂದ ಅದು ವನ್ಯಜೀವಿಧಾಮ. ತೋಳ, ಕತ್ತೆಕಿರುಬ, ಚಿರತೆಗಳ ನೆಲೆ. ನಮ್ಮ ನಾಯಿಗಳ ಡಿಸ್ಟೆಂಪರ್ ಎಂಬ ಅಂಟುರೋಗ ತೋಳ, ನರಿಗಳಿಗೂ ಹತ್ತುತ್ತದೆ. ಧಾಮದ ಆಚೆಯ ಬಯಲಿನಲ್ಲೇ ನಡೆಯಿರಿ, ಹಿಂಗಾರಿ ಬಿತ್ತಿದ ಹೊಲ ತುಳಿಯದೆ ಬಂಡಿದಾರಿ ಹಿಡಿಯಿರಿ. ಡಿಸ್ಟೆಂಪರ್ ಮತ್ತು ರೇಬೀಸ್ ಲಸಿಕೆಯ ಅವಧಿ ಮುಗಿದಿದ್ದರೆ ಬೆಲ್ಟಿಗಿಂತ ಮೊದಲು ಅದನ್ನು ಹಾಕಿಸಿ.